ವೊಯ್ತ್ಯೆಖ್ ಪ್ರೈಸಿಗ್

ವೊಯ್ತ್ಯೆಖ್ ಪ್ರೈಸಿಗ್ (31 ಜುಲೈ 1873 – 11 ಜೂನ್ 1944) ಜೆಕ್ ಮುದ್ರಣಚಿತ್ರ ಕಲಾವಿದರು, ಪುಸ್ತಕಗಳ ಚಿತ್ರಕಾರರು ಹಾಗೂ ಅಕ್ಷರ ವಿನ್ಯಾಸಕಾರರು. ಜೆಕ್ ಭಾಷೆಗೆಂದೇ ರೂಪಿಸಿದ ಅಚ್ಚಿನ ಅಕ್ಷರಗಳಿಗಾಗಿ ಇವರು ವಿಶೇಷವಾಗಿ ಪ್ರಸಿದ್ಧರು. ನಾಟ್ಸಿ ಆಡಳಿತದ ವಿರುದ್ಧ ಹೊರಡುತ್ತಿದ್ದ ಗುಪ್ತ ಪತ್ರಿಕೆಯೊಂದಕ್ಕೆ ದುಡಿದು ಸೆರೆಯಾದ ಇವರು ಡಾಖಾವ್ ಯಾತನಾ ಶಿಬಿರದಲ್ಲಿ ಮೃತರಾದರು.

ಜೀವನ ಮತ್ತು ಕಲೆ

ಪ್ರೈಸಿಗ್ ಅವರು ಹುಟ್ಟಿದ್ದು ಉತ್ತರ ಬೊಹೀಮಿಯಾದ ಸ್ವ್ಯೆತೆತ್ಸ್ ಎಂಬ ಊರಿನಲ್ಲಿ. ಆ ಪ್ರದೇಶವು ಅಂದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಪ್ರಾಗ್‌ನ ಅನ್ವಯಿಕ ಕಲಾಶಾಲೆಯಲ್ಲಿ ಕಲಿತು, 1898ರಲ್ಲಿ ಪ್ಯಾರಿಸ್ಸಿಗೆ ತೆರಳಿ ಅಲ್ಲಿ ಕೆಲಕಾಲ ಆಲ್ಫೋನ್ಸ್ ಮುಖಾ ಅವರ ಬಳಿ ಕೆಲಸ ಮಾಡಿದರು. 1903ರಲ್ಲಿ ಸ್ವದೇಶಕ್ಕೆ ಮರಳಿದರು. ಯಾನ್ ಕರಾಫಿಯಾಟ್ ಅವರ ಮಕ್ಕಳ ಕಥೆ ‘ಬ್ರೌಚ್ಚಿ’ಗೂ (ಮಿಂಚುಹುಳುಗಳ ಕಥೆ) ಪೆತ್ರ್ ಬೆಜ್ರುಚ್ ಅವರ ಕವನಸಂಕಲನಕ್ಕೂ ಇವರು ಬರೆದ ಚಿತ್ರಗಳು ಹೆಸರುವಾಸಿಯಾಗಿವೆ.

ಇವರಿಗೆ ಪ್ರಿಯವಾದ ಮಾಧ್ಯಮ ಬಣ್ಣದ ಎಚಿಂಗ್. ಆಮ್ಲ ತಾಗದಂತೆ ಲೇಪ ಬಳಿದ ಲೋಹದ ತಗಡಿನ ಮೇಲೆ ಸೂಜಿಯಿಂದ ಗೆರೆ ಎಳೆದು, ಅದನ್ನು ಆಮ್ಲದಲ್ಲಿ ಅದ್ದಿದರೆ ಗೆರೆಯಿದ್ದಲ್ಲಿ ಮಾತ್ರ ಲೋಹ ಕರಗಿ ತಗ್ಗಾಗುತ್ತದೆ. ಆ ತಗ್ಗಿನಲ್ಲಿ ನಿಂತ ಶಾಯಿಯು ಒತ್ತಿದಾಗ ಕಾಗದಕ್ಕೆ ಇಳಿಯುತ್ತದೆ. ಈ ಕ್ರಮವನ್ನು ವಿವರಿಸುವ ಗ್ರಂಥವೊಂದನ್ನು ಪ್ರೈಸಿಗ್ 1909ರಲ್ಲಿ ಪ್ರಕಟಿಸಿದರು.

1910ರಲ್ಲಿ ಅಮೆರಿಕಕ್ಕೆ ಹೋದ ಅವರು ನ್ಯೂಯಾರ್ಕ್‌ನಲ್ಲಿಯೂ, ಅನಂತರ 1916ರಿಂದ ಬೋಸ್ಟನ್ನಿನ ವೆಂಟ್‌ವರ್ತ್ ಸಂಸ್ಥೆಯಲ್ಲಿಯೂ ಮುದ್ರಣಕಲೆಯನ್ನು ಬೋಧಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಜೆಕೊಸ್ಲೊವಾಕ್ ಸೇನೆಗೆ ಸೇರುವಂತೆ ಅಮೆರಿಕದಲ್ಲಿದ್ದ ತಮ್ಮವರನ್ನು ಕರೆಯುವ ಭಿತ್ತಿಪತ್ರಗಳನ್ನೂ ರಚಿಸಿದರು.

ಅಕ್ಷರ ವಿನ್ಯಾಸ

ಜೆಕ್ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರಾದರೂ ಅನೇಕ ಅಕ್ಷರಗಳ ಮೇಲೆ ಕೊಕ್ಕೆ, ಗೀಟುಗಳಂತಹ ಗುರುತುಗಳಿರುತ್ತವೆ. ಇವು ಅಲಂಕಾರವಲ್ಲ, ಇವನ್ನು ಬಿಟ್ಟರೆ ಉಚ್ಚಾರಣೆಯೇ ಕೆಡುತ್ತದೆ, ಎಷ್ಟೋ ಕಡೆ ಅರ್ಥವೂ ಬೇರೆಯಾಗುತ್ತದೆ. ಅನ್ಯಭಾಷೆಗಳಿಗಾಗಿ ಎರಕಹೊಯ್ದ ಅಚ್ಚುಮೊಳೆಗಳಿಗೆ ಈ ಗುರುತುಗಳನ್ನು ಆಮೇಲೆ ಸೇರಿಸಿದಾಗ ಅವು ಅಂಟಿಸಿದಂತೆ ಕಾಣುತ್ತಿದ್ದವು. 1925ರ ‘ಪ್ರೈಸಿಗ್ ಆಂಟಿಕ್ವಾ’ದಲ್ಲಿ ಗುರುತು ಅಕ್ಷರದ ಅಂಗವೇ ಆಯಿತು. ಬಳುಕುವ ಗೆರೆಗಳಿಗೆ ಬದಲಾಗಿ ಕೆತ್ತಿದಂತಹ ಕೋನಗಳು ಇದರ ಲಕ್ಷಣ. ಪ್ರಾಗ್‌ನ ಸರ್ಕಾರಿ ಮುದ್ರಣಾಲಯದ ಮೂಲಕ ಇದು ಬಳಕೆಗೆ ಬಂದಿತು.

ಪ್ರತಿರೋಧ ಮತ್ತು ಮರಣ

1930ರಲ್ಲಿ ಪ್ರೈಸಿಗ್ ಜೆಕೊಸ್ಲೊವಾಕಿಯಾಕ್ಕೆ ಹಿಂದಿರುಗಿದರು. 1939ರಲ್ಲಿ ಜರ್ಮನಿಯು ದೇಶವನ್ನು ಆಕ್ರಮಿಸಿದಾಗ ಅವರಿಗೆ ಅರವತ್ತೈದು ವರ್ಷ. ‘ವ್ ಬೊಯ್’ (ಹೋರಾಟಕ್ಕೆ) ಎಂಬ ಗುಪ್ತ ಪತ್ರಿಕೆಗೆ ಅವರು ಮುಖಪುಟಗಳನ್ನು ರಚಿಸತೊಡಗಿದರು. ಮಗಳು ಇರೆನಾ ಬರ್ನಾಶ್ಕೊವಾ ಅದನ್ನು ಹೊರತಂದು ಹಂಚುವವರಲ್ಲಿ ಪ್ರಮುಖರಾಗಿದ್ದರು. 1940ರಲ್ಲಿ ತಂದೆ, ಮಗಳು ಇಬ್ಬರೂ ಬಂಧಿತರಾದರು. ಇರೆನಾ ಅವರಿಗೆ 1942ರ ಆಗಸ್ಟ್‌ನಲ್ಲಿ ಬರ್ಲಿನ್ನಿನ ಪ್ಲೋಟ್ಸೆನ್‌ಸೇ ಸೆರೆಮನೆಯಲ್ಲಿ ಮರಣದಂಡನೆಯಾಯಿತು. ಪ್ರೈಸಿಗ್ ಅವರು 1944ರ ಜೂನ್ 11ರಂದು ಡಾಖಾವ್‌ನಲ್ಲಿ ನಿಧನರಾದರು.