ಹಂಪೆಯ ನಾಯಿಮರಿ, ದೂರದ ಅತಿಥಿ



ದೀಪಾವಳಿ ಕಳೆದು ಚಳಿ ಕಾಲಿಡುವ ಹೊತ್ತಿಗೆ ಹಂಪೆಯಲ್ಲಿ ಎರಡು ಬಗೆಯ ಹೊಸಬರು ಕಾಣಿಸಿಕೊಳ್ಳುತ್ತಾರೆ. ಬೆನ್ನಿಗೆ ಚೀಲ ಹೊತ್ತು ಹೊಸಪೇಟೆಯಲ್ಲಿ ರೈಲಿಳಿಯುವ ಹೊರದೇಶದ ಪ್ರವಾಸಿಗಳು ಒಂದು ಕಡೆ; ಮಂಟಪದ ಸಂದಿಯಲ್ಲೋ ಬಾಳೆತೋಟದ ಬದುವಿನಲ್ಲೋ ಆಗಷ್ಟೇ ಕಣ್ಣು ಬಿಟ್ಟ ನಾಯಿಮರಿಗಳು ಇನ್ನೊಂದು ಕಡೆ. ನಮ್ಮ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿಯುತ್ತ ಬಂದಾಗ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಹೀಗಾಗಿ ಮರಿಗಳು ಹುಟ್ಟುವ ಕಾಲ ಮತ್ತು ಪ್ರವಾಸಿಗಳು ಬರುವ ಕಾಲ ಒಂದೇ ಆಗುತ್ತದೆ.

ಇಬ್ಬರಿಗೂ ಬೇಗ ಸ್ನೇಹವಾಗುತ್ತದೆ. ಅತಿಥಿ ಮರಿಯನ್ನು ಕೋಣೆಗೆ ತರುತ್ತಾರೆ, ಹೆಸರಿಡುತ್ತಾರೆ, ಕೊರಳಿಗೆ ಪಟ್ಟಿ ಕಟ್ಟುತ್ತಾರೆ. ಮಾರ್ಚ್ ತಿಂಗಳಲ್ಲಿ ಬಂಡೆಗಳು ಕಾಯತೊಡಗಿದಾಗ ಅತಿಥಿ ಹೊರಡುತ್ತಾರೆ. ತಾಯಿಯ ಹಿಂದೆ ತಿರುಗಿ ಬೀದಿಯ ಬದುಕು ಕಲಿಯದ, ಬಿಸ್ಕತ್ತಿಗೂ ಹಾಸಿಗೆಗೂ ಒಗ್ಗಿದ ನಾಲ್ಕೈದು ತಿಂಗಳ ಮರಿ ಮಾತ್ರ ಬಾಗಿಲ ಮುಂದೆ ಉಳಿಯುತ್ತದೆ. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಕೊರತೆ ಇರುವುದು ತಿಳಿವಳಿಕೆಯಲ್ಲಿ.

ಹೋಂಸ್ಟೇ ನಡೆಸುವವರು, ಆಟೋ ಓಡಿಸುವವರು, ಪ್ರವಾಸಿ ಮಾರ್ಗದರ್ಶಿಗಳು, ಅಂಗಡಿಯವರು, ನೀವೇ ಆ ಅತಿಥಿಗೆ ಮೊದಲು ಸಿಗುವ ಸಲಹೆಗಾರರು. ಹೊರದೇಶದಲ್ಲಿ ನೆಲೆಸಿರುವ ನಿಮ್ಮ ಮಗನೋ ಮಗಳೋ ರಜೆಗೆ ಬಂದು "ಅವ್ವಾ, ಈ ಮರೀನ ನಾನು ಒಯ್ತೀನಿ" ಎಂದಾಗಲೂ ನೀವು ಇದೇ ಮಾತುಗಳನ್ನು ಹೇಳಬೇಕಾಗುತ್ತದೆ.

ತಾಯಿಯಿಂದ ಬೇರ್ಪಡಿಸುವ ಮೊದಲು

ಮರಿಗಳು ಒಂಟಿಯಾಗಿ ಕಂಡ ಮಾತ್ರಕ್ಕೆ ಅನಾಥವೆಂದು ತಿಳಿಯಬಾರದು. ತಾಯಿ ಆಹಾರ ಹುಡುಕಿಕೊಂಡು ಹೋಗಿರಬಹುದು. ದೂರ ನಿಂತು ಕೆಲವು ಗಂಟೆ ಗಮನಿಸಿ. ಮರಿ ಕಣ್ಣು ಬಿಡುವುದು ಸುಮಾರು ಎರಡು ವಾರಕ್ಕೆ. ಹಾಲುಹಲ್ಲು ಮೂಡತೊಡಗುವುದು ಮೂರು ನಾಲ್ಕು ವಾರಕ್ಕೆ. ಕನಿಷ್ಠ ಎಂಟು ವಾರ ಅದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗಿರಬೇಕು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಅದು ಕಲಿಯುವುದು ಆ ಆಟದಲ್ಲೇ. ಬೇಗ ಬೇರ್ಪಟ್ಟ ಮರಿ ಮುಂದೆ ಅಂಜುಬುರುಕವೋ ಕಚ್ಚುವ ಸ್ವಭಾವದ್ದೋ ಆಗುವ ಸಂಭವ ಹೆಚ್ಚು.

ಹಾಗೆಂದು ಬೀದಿಯ ಬದುಕು ಸುಖದ್ದೆಂದು ಅರ್ಥವಲ್ಲ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 364 ಬೀದಿಮರಿಗಳನ್ನು ಗಮನಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಪ್ರಾಯಕ್ಕೆ ಬರುವವರೆಗೆ ಬದುಕಿದ್ದು ಶೇಕಡಾ 19 ಮಾತ್ರ. ಸಾವುಗಳಲ್ಲಿ ಶೇಕಡಾ 63ರಷ್ಟಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣರಾಗಿದ್ದರು. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆಗಳನ್ನು ಕಂಡವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮರಿಗೆ ಮನೆ ಸಿಗುವುದು ಒಳ್ಳೆಯದೇ. ಆದರೆ ಆ ಮನೆ ಒಂದು ಋತುವಿನದಾಗಿರದೆ, ನಾಯಿಯ ಆಯುಸ್ಸು ಮುಗಿಯುವವರೆಗಿನ ಹತ್ತು ಹನ್ನೆರಡು ವರ್ಷಗಳದ್ದಾಗಿರಬೇಕು.

ಹೊರದೇಶಕ್ಕೆ ಒಯ್ಯುವುದು ಎಷ್ಟು ದಿನದ ಕೆಲಸ?

ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಮಾನದ ಟಿಕೆಟ್ಟಿನೊಂದಿಗೆ ಒಂದು ಪ್ರಮಾಣಪತ್ರ ಸೇರಿಸಿದರೆ ಸಾಕೆಂದು ಅವರು ತಿಳಿದಿರುತ್ತಾರೆ. ವಾಸ್ತವವಾಗಿ, ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರುವ ದೇಶವೆಂಬ ಕಾರಣಕ್ಕೆ ಭಾರತದಿಂದ ಬರುವ ನಾಯಿಗಳ ಬಗ್ಗೆ ಹಲವು ದೇಶಗಳ ನಿಯಮಗಳು ಬಹಳ ಕಟ್ಟುನಿಟ್ಟು.

ಐರೋಪ್ಯ ಒಕ್ಕೂಟದ ದೇಶಗಳ ಮತ್ತು ಬ್ರಿಟನ್ನಿನ ಕ್ರಮವನ್ನೇ ನೋಡಿ. ಮೊದಲು ಮರಿಯ ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಬೇಕು. ಆಮೇಲೆ, ಅಥವಾ ಅದೇ ದಿನ, ರೇಬೀಸ್ ಲಸಿಕೆ ಹಾಕಿಸಬೇಕು. ಚಿಪ್ಪಿಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಗೆ ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಅದಾದ 30 ದಿನಗಳ ನಂತರ ರಕ್ತ ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರೋಗನಿರೋಧಕ ಅಂಶವನ್ನು ಅಳೆಸಬೇಕು. ಫಲಿತಾಂಶ ಸರಿಯಿದ್ದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ಈಗ ಕೂಡಿ ನೋಡಿ: ನವೆಂಬರ್ ನಡುವೆ ಹುಟ್ಟಿದ ಮರಿಗೆ ಫೆಬ್ರವರಿಯಲ್ಲಿ ಲಸಿಕೆ, ಮಾರ್ಚ್‌ನಲ್ಲಿ ರಕ್ತಪರೀಕ್ಷೆ, ಪ್ರಯಾಣ ಜೂನ್‌ಗೆ. ಅಷ್ಟರಲ್ಲಿ ಮರಿಗೆ ಸುಮಾರು ಏಳು ತಿಂಗಳು. ಅತಿಥಿಯ ವೀಸಾ ಅಲ್ಲಿಯವರೆಗೆ ಇರುತ್ತದೆಯೇ? ಇಲ್ಲದಿದ್ದರೆ ಮರಿಯನ್ನು ಆ ತಿಂಗಳುಗಳಲ್ಲಿ ಯಾರು ಸಾಕುತ್ತಾರೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಕೊರಳಿಗೆ ಪಟ್ಟಿ ಕಟ್ಟಬೇಕು.

ಅಮೆರಿಕವೂ 2024ರ ಆಗಸ್ಟ್ 1ರಿಂದ ನಿಯಮ ಬಿಗಿಗೊಳಿಸಿತು. ಆರು ತಿಂಗಳಿಗಿಂತ ಚಿಕ್ಕ ನಾಯಿಗೆ ಅಲ್ಲಿ ಪ್ರವೇಶವಿಲ್ಲ. ಚಿಪ್ ಮತ್ತು ಲಸಿಕೆಯ ಅಧಿಕೃತ ದಾಖಲೆ ಕಡ್ಡಾಯ. ಭಾರತದಿಂದ ಹೊರಡುವಾಗ ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಸೇವೆಯ ಪ್ರಮಾಣಪತ್ರವೂ ಬೇಕು. ಇದರ ಕಚೇರಿ ಬೆಂಗಳೂರಿನಲ್ಲಿದೆ. ನಿಯಮಗಳು ಆಗಾಗ ಬದಲಾಗುವುದರಿಂದ ಹೋಗಬೇಕಾದ ದೇಶದ ಅಧಿಕಾರಿಗಳನ್ನೇ ಮೊದಲು ವಿಚಾರಿಸುವುದು ಕ್ಷೇಮ.

ಮರಿ ಕಚ್ಚಿದರೂ ರೇಬೀಸ್ ಬರಬಹುದು

"ಇಷ್ಟು ಸಣ್ಣ ಮರಿ, ಹಲ್ಲು ತಾಗಿದರೆ ಏನಾಯಿತು?" ಎಂಬ ಮಾತು ಅಪಾಯಕಾರಿ. ರೇಬೀಸ್ ಮರಿಗಳಿಗೂ ತಗಲುತ್ತದೆ. ಕಚ್ಚಿದ ಗಾಯ ಮಾತ್ರವಲ್ಲ, ಉಗುರಿನ ಗೀರು ಮತ್ತು ತೆರೆದ ಗಾಯವನ್ನು ನೆಕ್ಕುವುದೂ ರೋಗಕ್ಕೆ ದಾರಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿಯುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಪೂರ್ಣವಾಗಿ ತಡೆಯಬಹುದು.

ಗಾಯವನ್ನು ತಕ್ಷಣ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಕೊಡುತ್ತಿದ್ದ ಕಾಲ ಮುಗಿದಿದೆ. ಈಗ ತೋಳಿಗೆ ನಾಲ್ಕೈದು ಸಲ ಕೊಡುವ ಲಸಿಕೆ ಸಾಕು. ಆಳವಾದ ಗಾಯವಾದರೆ ಗಾಯದ ಸುತ್ತಲೂ ಬೇರೆ ಮದ್ದು ಕೊಡುತ್ತಾರೆ. ಮಕ್ಕಳು ಬೈಗುಳಕ್ಕೆ ಹೆದರಿ ಗೀರನ್ನು ಮುಚ್ಚಿಡುವುದುಂಟು. ಹೇಳಿದರೆ ಬೈಯುವುದಿಲ್ಲ ಎಂಬ ಭರವಸೆಯನ್ನು ಅವರಿಗೆ ಮೊದಲೇ ಕೊಡಿ.

ಮನೆಗೆ ತಂದ ಮೇಲೆ

ಮರಿಗೆ ಜಂತುಹುಳುವಿನ ಔಷಧಿ ಬೇಗ ಕೊಡಿಸಬೇಕು. ಆರರಿಂದ ಎಂಟು ವಾರಕ್ಕೆ ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಪುನರಾವರ್ತಿಸಿ 16 ವಾರದವರೆಗೆ ಮುಂದುವರಿಸಬೇಕು. ವಾಂತಿಯೊಂದಿಗೆ ರಕ್ತಭೇದಿ ಕಂಡರೆ ಅದು ಪಾರ್ವೋ ಇರಬಹುದು. ಮನೆಮದ್ದು ಮಾಡುತ್ತ ಕೂಡದೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಮೆತ್ತಗೆ ಕಲಸಿದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಸೇರಿಸಿ ಕೊಡಬಹುದು. ಈರುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ದರೋಜಿ ಕರಡಿಧಾಮದ ಸುತ್ತಲಿನ ಊರುಗಳಲ್ಲಿ ಚಿರತೆಯ ಭಯವೂ ಇರುವುದರಿಂದ ರಾತ್ರಿ ಮರಿಯನ್ನು ಅಂಗಳದಲ್ಲಿ ಕಟ್ಟಿಹಾಕಬೇಡಿ.

ಒಯ್ಯಲಾಗದಿದ್ದರೆ?

ಪ್ರೀತಿ ತೋರಿಸಲು ಬೇರೆ ದಾರಿಗಳೂ ಇವೆ. ಮರಿಯನ್ನು ತಾಯಿಯ ಬಳಿಯೇ ಬಿಟ್ಟು, ಅದರ ಲಸಿಕೆಯ ಮತ್ತು ತಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚನ್ನು ಅತಿಥಿ ವಹಿಸಿಕೊಳ್ಳಬಹುದು. ಹೀಗೆ ಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುತ್ತಾರೆ. ಇಲ್ಲವೇ ಕಂಪ್ಲಿಯ ಕಡೆ ಗದ್ದೆಯಲ್ಲೇ ಮನೆ ಮಾಡಿಕೊಂಡ, ಕಾವಲಿಗೆ ನಾಯಿ ಬೇಕಾದ ಕುಟುಂಬವನ್ನು ನೀವೇ ಹುಡುಕಿಕೊಡಬಹುದು. ಆದರೆ ಈ ಮಾತುಕತೆ ಅತಿಥಿ ಬಂದ ಮೊದಲ ವಾರವೇ ನಡೆಯಬೇಕು. ಹೊರಡುವ ಹಿಂದಿನ ಸಂಜೆ ಅಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಲುಕುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ಅವರಿಗೆ ಸೌಮ್ಯವಾಗಿ ತಿಳಿಸಿ.

ನಮ್ಮದು ನಾಯಿಯನ್ನು ಕೀಳಾಗಿ ಕಂಡ ಸೀಮೆಯಲ್ಲ. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರು ತಾವೇ ದೇವರ ನಾಯಿಗಳೆಂದು ಬೊಗಳಿ, ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಅಂಥ ನೆಲದಲ್ಲಿ ಪಟ್ಟಿ ಕಟ್ಟಿಸಿಕೊಂಡ ಮರಿಯೊಂದು ಮಾರ್ಚ್ ಬಿಸಿಲಿನಲ್ಲಿ ಮುಚ್ಚಿದ ಬಾಗಿಲನ್ನು ಕಾಯುತ್ತ ಮಲಗಿರಬಾರದು. ಈ ಬೇಸಿಗೆ ನಿಮ್ಮ ಬಾಗಿಲಲ್ಲಿ ಅಂಥದ್ದೊಂದು ಕಂಡರೆ, ಮೊದಲು ಒಂದು ಬೋಗುಣಿ ನೀರಿಡಿ. ಆಮೇಲೆ ಪಶು ಆಸ್ಪತ್ರೆಯ ದಾರಿ ಹಿಡಿಯಿರಿ.