1983ರ ದಾಖಲೆ, ಇವತ್ತಿನ ಓಟ

ತಾವರಗೇರಾದಾಗ ನಸುಕಿನ್ಯಾಗ ಓಡೋ ಹುಡುಗ್ಯಾರ, ಸ್ವಲ್ಪ ಕೇಳ್ರಿ.

ಮಹಿಳೆಯರ 800 ಮೀಟರ್ ವಿಶ್ವದಾಖಲೆ: 1 ನಿಮಿಷ 53.28 ಸೆಕೆಂಡ್. 1983ರಾಗ ಜೆಕೊಸ್ಲೊವಾಕಿಯಾದ ಕ್ರಾತೊಖ್ವಿಲೋವಾ ಓಡಿದ್ದು. ನಾಲ್ಕು ದಶಕ ಅದು ಅಲುಗಲೇ ಇಲ್ಲ. ಔಷಧಿ ತಗೊಂಡಿದ್ಲು ಅನ್ನೋ ಅನುಮಾನ ಬೇಕಾದಷ್ಟು, ಆದ್ರ ಆಕಿ ಪರೀಕ್ಷೆಯೊಳಗ ಸಿಕ್ಕಿಬಿದ್ದಿಲ್ಲ. ಹೇಳದೆ ಕೇಳದೆ ಮನೀಗೆ ಬಂದು ಮೂತ್ರದ ಮಾದರಿ ತಗೊಳ್ಳೋ ಪದ್ಧತಿ ಆಗ ಇಲ್ಲದಂಗೇ ಇತ್ತು.

ಹಂಗಂದ್ರ ಔಷಧಿ ಇಲ್ದ ದಾಖಲೆ ಮುರಿಯೂದಿಲ್ಲೇನು? ಮುರೀತದ. ಓಟಗಾರರ ರಕ್ತದ ಲೆಕ್ಕ ವರ್ಷಗಟ್ಟಲೆ ಇಡೋ ಈ ಕಾಲದಾಗೇ, 2025ರಾಗ, ಕೀನ್ಯಾದ ಫೇತ್ ಕಿಪ್ಯೆಗಾನ್ 1500 ಮೀಟರನ್ನ 3 ನಿಮಿಷ 48.68 ಸೆಕೆಂಡಿಗೆ ಇಳಿಸಿದ್ರು. ಹೊಸ ಬೂಟಿನ ಪಾಲೂ ಇದ್ದೀತು, ಇರಲಿ.

ಪರೀಕ್ಷೆಯೊಳಗ ಸಿಕ್ಕಿಬಿದ್ದೋರೂ ಅದಾರ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ, 2010ರ ಏಷ್ಯನ್ ಗೇಮ್ಸ್ ಚಿನ್ನದ ಓಟಗಾರ್ತಿ. ಮರುವರ್ಷವೇ ಸ್ಟೀರಾಯ್ಡ್ ಪತ್ತೆ. ಶಕ್ತಿಗಂತ ತಗೊಂಡ ಜಿನ್ಸೆಂಗ್ ಬೇರಿನಿಂದ ಬಂತು ಅಂದ್ರು. ಆದ್ರೂ ಎರಡು ವರ್ಷ ನಿಷೇಧ.

ಪೌಡರ್ ಡಬ್ಬಿ ಯಾರೇ ಕೊಡ್ಲಿ, ಒಳಗೇನೈತಿ ತಿಳೀದೆ ಬಾಯಿಗೆ ಹಾಕ್ಕೋಬ್ಯಾಡ್ರಿ.