ಪ್ರೇಕ್ಷಕನಿಗೆ ಕೇಳಿಸದ ಹಾಡು

ರಾಕ್ ಸಂಗೀತದ ತಂಡವೊಂದರ ಸಂಚಾರದೊಡನೆ ಹೊರಡಬೇಕೆಂದು ಹಂಬಲಿಸುವ ಹದಿನೈದರ ಬಾಲಕನೊಬ್ಬನು, ಅದಕ್ಕೊಪ್ಪದ ತಾಯಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು, ಆ ಸಂಗೀತದಲ್ಲಿಯೂ ಗಾಂಭೀರ್ಯವುಂಟೆಂದು ಮನಗಾಣಿಸುವುದಕ್ಕಾಗಿ ಲೆಡ್ ಜೆಪ್ಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ ಎಂಬ, ಸುಮಾರು 8 ನಿಮಿಷಗಳ ಗೀತೆಯನ್ನು ಆದ್ಯಂತವಾಗಿ ಕೇಳಿಸುವ ದೃಶ್ಯವೊಂದನ್ನು, ಅಮೆರಿಕದ ನಿರ್ದೇಶಕ ಕ್ಯಾಮರನ್ ಕ್ರೋ ಅವರು ‘ಆಲ್ಮೋಸ್ಟ್ ಫೇಮಸ್’ ಚಿತ್ರಕ್ಕಾಗಿ ಚಿತ್ರಿಸಿದ್ದರು. 2000ದಲ್ಲಿ ತೆರೆಕಂಡ ಚಿತ್ರದಲ್ಲಿ ಅದಿಲ್ಲ. ಹರೆಯದಲ್ಲಿ ಪತ್ರಕರ್ತರಾಗಿ ಆ ತಂಡದ ವಿಷಯ ಬರೆದಿದ್ದ ಕ್ರೋ, ಚಿತ್ರವನ್ನು ಲಂಡನ್ನಿಗೆ ಒಯ್ದು ತಂಡದ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ ಇಬ್ಬರಿಗೂ ತೋರಿಸಿದರು. ಅವರು ತಮ್ಮ ಬೇರೆ ಗೀತೆಗಳನ್ನು ಕೊಟ್ಟರು, ಇದೊಂದನ್ನು ಕೊಡಲಿಲ್ಲ.

ಪ್ರಕಟವಾದ ಗೀತೆಯನ್ನು ನಿಯತವಾದ ಶುಲ್ಕ ತೆತ್ತು ಯಾರು ಬೇಕಾದರೂ ಮತ್ತೆ ಹಾಡಿ ಧ್ವನಿಮುದ್ರಿಸಲು ಅಮೆರಿಕದ ಕಾನೂನು ಅವಕಾಶವೀಯುತ್ತದೆ. ಆದರೆ ಅದನ್ನು ಚಲಿಸುವ ಚಿತ್ರದೊಡನೆ ಹೊಂದಿಸುವುದಕ್ಕೆ ಅಪ್ಪಣೆ ಬೇಡಲೇಬೇಕು. ಅದೂ ಒಂದಲ್ಲ, ಎರಡು: ಸಾಹಿತ್ಯ ಸ್ವರಸಂಯೋಜನೆಗಳ ಒಡೆಯನದೊಂದು, ಧ್ವನಿಮುದ್ರಿಕೆಯ ಒಡೆಯನದೊಂದು. ಹಕ್ಕುಗಳನ್ನು ಕಂಪನಿಗೆ ಮಾರಿಕೊಂಡ ಕಲಾವಿದನಿಗೂ, ಒಪ್ಪಂದದಲ್ಲಿ ತನ್ನ ಸಮ್ಮತಿಯ ಮಾತನ್ನು ಬರೆಯಿಸಿಕೊಂಡಿದ್ದರೆ, ಯಾವ ದೃಶ್ಯ, ಎಷ್ಟು ಹೊತ್ತು, ಜಾಹೀರಾತಿಗೂ ಬಳಸುವರೇ ಎಂದು ಕೇಳುವ ಅಧಿಕಾರ ಉಳಿಯುತ್ತದೆ.

ನಿರಾಕರಣೆಯನ್ನು ಅಹಂಕಾರವೆಂದು ಹಳಿಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಕೇಳುಗನು ತನ್ನ ಬಾಳಿನ ನೆನಪುಗಳನ್ನು ಹೆಣೆದುಕೊಂಡ ಹಾಡಿಗೆ ಪರರ ದೃಶ್ಯವೊಂದು ಅಂಟಿತೆಂದರೆ, ಮುಂದೆ ಕಣ್ಣು ಮುಚ್ಚಿ ಕೇಳಿದರೂ ಅದೇ ಎದುರು ನಿಲ್ಲುತ್ತದೆ. ಈ ನಷ್ಟಕ್ಕೆ ಹಣದ ಪರಿಹಾರವಿಲ್ಲ. ಹಾಗೆಂದು ಲೆಡ್ ಜೆಪ್ಲಿನ್ ತಂಡವು ಕದವನ್ನು ಎಂದೆಂದಿಗೂ ಮುಚ್ಚಿಕೊಂಡದ್ದಲ್ಲ: 2003ರ ‘ಸ್ಕೂಲ್ ಆಫ್ ರಾಕ್’ ಚಿತ್ರದ ನಟ ಜ್ಯಾಕ್ ಬ್ಲ್ಯಾಕ್ ವೇದಿಕೆಯ ಮೇಲೆ, ನೆರೆದ ಜನಸಮೂಹದೊಡನೆ ಅಂಗಲಾಚುವುದನ್ನು ಚಿತ್ರಿಸಿ ಕಳುಹಿಸಿದ ಮೇಲೆ ‘ಇಮಿಗ್ರಂಟ್ ಸಾಂಗ್’ ಗೀತೆಗೆ ಒಪ್ಪಿಗೆ ದೊರೆಯಿತು.

ನಮ್ಮಲ್ಲಿ ಹಾಡು ಚಿತ್ರದ ಗರ್ಭದಲ್ಲಿಯೇ ಹುಟ್ಟುವುದರಿಂದ, ಬೇರೆ ಕರಾರಿಲ್ಲದಿದ್ದರೆ ನಿರ್ಮಾಪಕನೇ ಅದರ ಒಡೆಯನೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ನಿರ್ಣಯಿಸಿತು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಕವಿಗೂ ಸಂಗೀತ ನಿರ್ದೇಶಕನಿಗೂ ರಾಯಧನದ ಪಾಲನ್ನು ಕೊಟ್ಟಿತಾದರೂ, ಪಾಲು ಬೇರೆ, ಬೇಡವೆನ್ನುವ ಅಧಿಕಾರ ಬೇರೆ. ಕೃತಿಯನ್ನು ವಿಕೃತಗೊಳಿಸಿ ಮಾನಕ್ಕೆ ಕುಂದು ತಂದರೆ ತಡೆಯುವ ಹಕ್ಕನ್ನು ಮಾತ್ರ ಅದೇ ಕಾಯ್ದೆಯ 57ನೆಯ ಪ್ರಕರಣವು ಕರ್ತೃವಿಗೆ ಉಳಿಸಿದೆ.

ಕ್ರೋ ಅವರ ಆ ದೃಶ್ಯ ಮುಂದೆ ಡಿವಿಡಿಯಲ್ಲಿ ಹೊರಬಂದಿತು, ಹಾಡಿಲ್ಲದೆಯೇ. ಸೂಚನೆ ಬಂದೊಡನೆ ನಿಮ್ಮ ಮನೆಯ ಧ್ವನಿಮುದ್ರಿಕೆಯನ್ನು ನೀವೇ ಹಾಕಿಕೊಳ್ಳಿರೆಂದು ಅಲ್ಲಿ ನೋಡುಗನಿಗೆ ಹೇಳಲಾಗುತ್ತದೆ. ಮುದ್ರಿಕೆಯಿಲ್ಲದವನು, ತನಗೆ ಕೇಳಿಸದ ಹಾಡಿಗೆ ಆ ತಾಯಿ ಕಿವಿಗೊಟ್ಟು ಕುಳಿತಿರುವುದನ್ನು ನಿಶ್ಶಬ್ದದಲ್ಲಿ ನೋಡುತ್ತಾನೆ.